ಜಗುಲಿಯವರೆಗೆ ಬಂದ ಪೆಟ್ಟಿಗೆ

ಪೆಟ್ಟಿಗೆಯ ಮೇಲೆ ಬರೆದ ಗಿಣಿಯ ಕೊಕ್ಕಿನ ಕೆಂಪು ಹಾಗೇ ಇದೆ, ಮೈಯ ಹಸಿರೆಲ್ಲ ಚಕ್ಕೆ ಎದ್ದು ಹೋಗಿದೆ, ಸಂಜೆ ಬಿಸಿಲು ಓರೆಯಾಗಿ ಬಿದ್ದ ಕಡೆ ಮರ ಕಾಣುತ್ತದೆ, ಮರವೋ ಅಥವಾ ಅದರ ಕೆಳಗೆ ಬಳಿದ ಇನ್ನೊಂದು ಬಣ್ಣವೋ — ಅಂಗಡಿಯಲ್ಲಿ ಇದನ್ನೇ ಉಗುರಿನಿಂದ ಕೆರೆದು ನೋಡಿದ್ದೆ, ಹಳೆಯದು ತಾನೇ, ಈಚೆಗೆ ಬರೆಸಿದ್ದಲ್ಲ ತಾನೇ, ಅಂಗಡಿಯವನು ನಕ್ಕ, ಕೆರೀಬ್ಯಾಡಿ ಸಾರ್, ಉಳ್ದಿರೋದೂ ಹೊಂಟೋಯ್ತದೆ. ನಾನು ಕೆರೆಯುವವನೇ, ಹಗಲು ನೀರಾವರಿ ಕಚೇರಿಯಲ್ಲಿ ಕಡತ ಎತ್ತಿಟ್ಟು ಸಂಜೆ ಕಾಲೇಜಿನಲ್ಲಿ ಓದಿ ಗುಮಾಸ್ತನಾದವನಿಗೆ ಯಾವುದು ಚೆಂದ ಎಂದು ಸ್ವಂತ ಧೈರ್ಯದಿಂದ ಹೇಳಲು ಈಗಲೂ ಬರುವುದಿಲ್ಲ, ಬೇರೆ ಯಾರಾದರೂ ಮೊದಲು ಅನ್ನಲಿ ಎಂದು ಕಾಯುತ್ತೇನೆ. ಮೊದಲು ಅಂದವಳು ಚೈತ್ರ, ನನ್ನ ಹೆಂಡತಿ, ಕೆ.ಆರ್. ಪೇಟೆಯ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಜೊತೆಯ ಮೇಡಂ ಒಬ್ಬರ ಮನೆಯಲ್ಲಿ ಇಂಥ ಚಿತ್ರದ ಪೆಟ್ಟಿಗೆ ನೋಡಿಬಂದ ಮೇಲೆ ನಮ್ಮ ಕಬ್ಬಿಣದ ಬೀರು ಅವಳ ಕಣ್ಣಿಗೆ ಚುಚ್ಚತೊಡಗಿತ್ತು, ಹೊದಿಕೆ ಜಮಖಾನ ಇಡಾಕೆ ಒಂದು ಬೇಕೇ ಬೇಕು, ಇಡೋದಾದ್ರೆ ಕಣ್ಣಿಗೂ ಚೆಂದಾಗಿರ್ಲಿ ಕಣ್ರೀ. ಹೌದು, ಇರಲಿ, ನಮ್ಮ ನಡುಮನೆಗೂ ಒಂದು ಚೆಂದದ್ದು ಯಾಕೆ ಇರಬಾರದು.

ಶ್ರೀರಂಗಪಟ್ಟಣದ ಕೋಟೆಗೋಡೆಯ ಹಿಂದಿನ ಓಣಿ, ಅಂಗಡಿಯ ತುಂಬ ಕಿತ್ತು ತಂದ ಬಾಗಿಲುಗಳು, ಒಂಟಿ ಕಂಬಗಳು, ಸರಪಳಿ ಇಲ್ಲದ ಉಯ್ಯಾಲೆ ಹಲಗೆ, ಒಡೆದ ಮನೆಗಳ ದೂಳು ಮೂಗಿಗೆ. ನನಗೆ ಹಿಡಿಸಿದ್ದು ಮೂಲೆಯಲ್ಲಿದ್ದ ನೀಲಿ ಅಲಮಾರು, ಬಳ್ಳಿ ಬರೆದದ್ದು, ಯಾರ ಮನೆಯದೆಂದು ಅವನಿಗೂ ಗೊತ್ತಿರಲಿಲ್ಲ, ಅದಕ್ಕೇ ಹಿಡಿಸಿತೇನೋ, ಚೈತ್ರ ಮೂಗು ಮುರಿದಳು, ಆಸ್ಪತ್ರೇಲಿ ಮಾತ್ರೆ ಇಡೋ ಥರ ಐತೆ, ನಾನು ತಕ್ಷಣ ಹೌದಲ್ಲ ಅಂದೆ, ಯಾಕೆ ಅಂದೆ. ಅಂಗಡಿಯವನು ಗಿಣಿ ಪೆಟ್ಟಿಗೆಯ ಮುಚ್ಚಳ ತಟ್ಟಿದ, ಇದು ನೋಡಿ ಮೇಡಂ, ಹೊಣಕೆರೆ ಕಡೆ ಗೌಡ್ರ ಮನೇದು, ಹೊಸಹೊಳಲಿಂದ ಹೆಣ್ಣಿನ ಜೊತೆ ಗಾಡೀಲಿ ಕಳ್ಸಿದ್ದು, ಮನೆ ಒಡೆದ್ರು, ಮಕ್ಳು ಮಾರ್ಕಂಡ್ರು, ಇಂಥ ಪೆಟ್ಗೆ ಕಂಡೋರ ಮನೇಲಿ ಇರಾಕಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ತಾವು ಯಾವೂರು ಸಾರ್. ಪಾಂಡವಪುರ. ಅದಲ್ಲ, ಮೂಲ. ನಾಗಮಂಗಲದ ಕಡೆಯೇ. ಓ, ಅಂಗಾದ್ರೆ ಯಾರ ಪೈಕಿ — ನಾನು ಪೆಟ್ಟಿಗೆಯ ಗಿಣಿ ನೋಡುವವನಂತೆ ಬಗ್ಗಿದೆ, ಈ ಪ್ರಶ್ನೆಗೆ ಎಂಥ ಉತ್ತರ ಕೊಟ್ಟರೂ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಆಗುತ್ತೇನೆ, ಚೈತ್ರ ಮುಚ್ಚಳ ಎತ್ತಿ ಒಳಗೆ ನೋಡುತ್ತಲೇ ಹೇಳಿದಳು, ನಾವು ಕೊಳ್ಳೋರ ಪೈಕಿ ಕಣಣ್ಣ, ನೀನು ಮಾರೋರ ಪೈಕಿ, ರೇಟು ಹೇಳು. ಅವನೂ ನಕ್ಕ, ನಾನೂ ನಕ್ಕೆ, ಅವಳು ನಗಲಿಲ್ಲ. ನಾವು ಊರ ಹೊರಗಿನ ಕೇರಿಯವರು ಎಂದು ಅವನಿಗೆ ಆಗಲೇ ತಿಳಿದಿರಬೇಕು, ಅವಳ ಉತ್ತರದಿಂದಲೇ ತಿಳಿದಿರಬೇಕು, ಬೇರೆಯವರಾದರೆ ಪೈಕಿ ಹೇಳಲು ಇಷ್ಟು ತಡವಾಗುವುದಿಲ್ಲ. ಆ ಹೊತ್ತಿಗೇ ಬೇಡ ಅನ್ನಬಹುದಿತ್ತು, ಮನೆಯಲ್ಲಿ ಅಪ್ಪ ಇದ್ದಾನೆ, ಹೊಣಕೆರೆ ಕಡೆಯ ಗೌಡರ ಮನೆಗಳಲ್ಲಿ ದುಡಿದವನು, ಒಂದು ಮಾತು ಕೇಳೋಣ ಅನ್ನಬಹುದಿತ್ತು, ಅನ್ನಲಿಲ್ಲ, ಅಂದರೆ ಹೆದರಿದಂತೆ ಕಾಣುತ್ತದೆ ಎಂದುಕೊಂಡೆ, ಹೆದರಿದ್ದೆ, ಅದಕ್ಕೇ ಬೇಗ ಬೇಗ ಒಪ್ಪಿಕೊಂಡೆ, ಮನೆಗೆ ಬಂದು ಫೋನು ಮಾಡಿ ಮತ್ತೆ ಮತ್ತೆ ಹೇಳಿದೆ, ಬಣ್ಣ ಉಜ್ಜದ ಹಾಗೆ ಗೋಣಿ ಸುತ್ತಿ ಕಳಿಸಿ.

ಗೋಣಿ ಸುತ್ತಿಯೇ ಕಳಿಸಿದ. ಟೆಂಪೋದವನು ಇದನ್ನು ಇಲ್ಲಿ ಇಳಿಸಿ, ಇನ್ನೊಂದು ಬಾಡಿಗೆ ಐತೆ ಎಂದು ಹೊರಟುಹೋದ, ಮನೆ ಮುಂದಿನ ಈ ಜಾಗಕ್ಕೆ ಇಂಜಿನಿಯರು ಸಿಟ್‌ಔಟ್ ಅನ್ನುತ್ತಿದ್ದ, ಅಪ್ಪನಿಗೆ ಇದು ಜಗುಲಿ. ಅಪ್ಪ ದಿನವೆಲ್ಲ ಇಲ್ಲೇ ಕೂರುತ್ತಾನೆ, ಆದರೆ ಒಳಗೆ ಅವನ ರೂಮಿದೆ, ಅವನ ಮಂಚ ಇದೆ, ಉಣ್ಣಲು ಮಲಗಲು ಟೀವಿ ನೋಡಲು ಈ ಹೊಸಿಲನ್ನು ದಿನಕ್ಕೆ ಎಷ್ಟು ಸಲ ದಾಟುತ್ತಾನೋ, ಲೆಕ್ಕ ಇಟ್ಟವರಾರು, ದಾಟುವುದು ದಾಟುವುದೇ ಅಲ್ಲ ಅನ್ನುವ ಹಾಗಾಗಲಿ ಎಂದೇ ಅಲ್ಲವೇ ಈ ಮನೆ ಕಟ್ಟಿದ್ದು. ಗೋಣಿ ಬಿಚ್ಚಿದೆ. ಅಪ್ಪ ಹತ್ತಿರ ಬಂದು ಪಕ್ಕದ ಹಿಡಿಕೆಯ ಕಂಬಿಯನ್ನು ಮುಟ್ಟಿದ, ಓಹೋ, ಹೆಣ್ಣಿನ ಪೆಟ್ಗೆ, ಇಂಥವು ಎಷ್ಟು ಹೊತ್ತಿಲ್ಲ ನಾನು, ಹಿಡಿ ಮಗ ಆ ಕಡೆ. ಬೇಡಪ್ಪ, ಬೀದಿಯಲ್ಲಿ ಯಾರನ್ನಾದರೂ ಕರೀತೀನಿ, ನಿನ್ನ ಸೊಂಟ. ನನ್ ಸೊಂಟ ನಿನ್ ಸೊಂಟಕ್ಕಿಂತ ಗಟ್ಟಿಯಾಗಿ ಅದೆ, ಕುರ್ಚಿ ಮ್ಯಾಲೆ ಕುಂತು ಬೆಳೆದದ್ದಲ್ಲ ಕಣ್ಲಾ, ಕಂಬಿ ಹಿಡೀಬ್ಯಾಡ, ತಳಕ್ಕೆ ಕೈ ಕೊಡು. ಎತ್ತಿದೆವು. ಏದುಸಿರು ಬಿಟ್ಟವನು ನಾನು. ಚೈತ್ರ ಒಳಗೆ ಸೋಫಾ ಸರಿಸಿ ಜಾಗ ಮಾಡಿ ಬಾಗಿಲಿಗೆ ಬಂದು ನಿಂತಿದ್ದಳು. ಅಪ್ಪ ಮುಂದೆ, ನಾನು ಹಿಂದೆ, ಬಾಗಿಲವರೆಗೆ ಬಂದೆವು — ಅಲ್ಲಿ ಅಪ್ಪ ತನ್ನ ಕಡೆಯನ್ನು ಮೆಲ್ಲಗೆ ಇಳಿಸಿದ, ಸದ್ದೇ ಆಗಲಿಲ್ಲ, ಅಂಗೈ ಒರೆಸಿಕೊಂಡ, ಪಕ್ಕಕ್ಕೆ ಸರಿದ, ಮೆಟ್ಟಿಲು ಇಳಿದು ನಿಂತ. ಹೆಗಲ ಮೇಲಿದ್ದ ಟವೆಲ್ಲು ಕಂಕುಳಿಗೆ ಹೋಗಿತ್ತು. ಉಸಿರು ಸಾಲದಾಯಿತು ಎಂದುಕೊಂಡೆ, ಯಾಕಪ್ಪ, ಕೈ ಸೋತ್ವಾ. ಇಲ್ಲ, ಇನ್ನು ಒಳಗಿನೋರು ತಕಂಡೋಗ್ಲಿ.

ಅಪ್ಪನಿಗೇ ತಿಳಿಯಿತು, ತಿಳಿದದ್ದು ಅವನ ಮುಖದಲ್ಲಿ ಕಂಡಿತು, ಥೂ, ಜ್ಞಾನ ಇಲ್ದಂಗಾಯ್ತದೆ ಕಣ್ಲಾ ವಯಸ್ಸಾದ್ರೆ ಎಂದು ನಗಲು ನೋಡಿದ, ಬೀಡಿ ತರುತ್ತೇನೆ ಎಂದು ಗೇಟು ತೆಗೆದು ಹೊರಟುಹೋದ. ಹುಡುಗನಾಗಿದ್ದಾಗ ಎಷ್ಟು ಸಲ ಕೇಳಿದ್ದೇನೆ ಅವನ ಬಾಯಿಂದ, ಗೌಡ್ರ ಮನೆ ಮದ್ವೇಲಿ ಪೆಟ್ಗೆ ಇಳ್ಸೋದು ಅಂದ್ರೆ ಈ ಚಿಕ್ಕಮಾದನೇ ಆಗ್ಬೇಕು, ಇಟ್ಟಿದ್ದು ಹೆಣ್ಣಿಗೂ ಕೇಳ್ಬಾರ್ದು, ಅಂಗೆ ಇಡ್ತಿದ್ದೆ. ಅವ್ವ ರೇಗಿಸುತ್ತಿದ್ದಳು, ಆ ನಾಜೂಕು ಮನೇಲಿ ಒಂದಿನಾನೂ ಕಾಣ್ನಿಲ್ಲ. ನಾವೆಲ್ಲ ನಗುತ್ತಿದ್ದೆವು, ನನಗೆ ಹೆಮ್ಮೆ, ಶಾಲೆಯಲ್ಲೂ ಹೇಳಿಕೊಂಡಿದ್ದೆ. ಎಲ್ಲಿ ಇಡುತ್ತಿದ್ದೆಯಪ್ಪ ಎಂದು ಒಮ್ಮೆಯೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಜಗುಲಿಯವರೆಗೆ ನಮ್ಮವರು, ಆಮೇಲೆ ಅರಿಸಿನದ ನೀರು ಚಿಮುಕಿಸಿ ಒಳಗಿನವರು ಎಂದು ನನಗೆ ಗೊತ್ತೇ ಇತ್ತು, ಎಲ್ಲರಿಗೂ ಗೊತ್ತಿರುವಷ್ಟು ಗೊತ್ತಿತ್ತು, ಆ ಕಥೆಗೆ ಅದನ್ನು ಸೇರಿಸಿ ನೋಡಿರಲಿಲ್ಲ. ಬರಿಗೈಯಲ್ಲಿ ಒಳಗೆ ಹೋಗುವವನು ಪೆಟ್ಟಿಗೆ ಹಿಡಿದು ಹೋಗಲಿಲ್ಲ. ಕೈಯಲ್ಲಿ ಪೆಟ್ಟಿಗೆ ಇದ್ದರೆ ಕಾಲು ಎಲ್ಲಿ ನಿಲ್ಲಬೇಕು ಎಂದು ಯಾರು ಕಲಿಸಿದರು, ಎಷ್ಟು ಚೆನ್ನಾಗಿ ಕಲಿಸಿದರು, ನನ್ನ ಸಂಜೆ ಕಾಲೇಜಿನಲ್ಲಿ ಯಾವ ಪಾಠವೂ ಹಾಗೆ ಮೈಗೆ ಇಳಿಯಲಿಲ್ಲ — ಕಂಕುಳಲ್ಲಿ ಟವೆಲ್ಲು, ಗೌಡರ ಮುಂದೆ ನಿಲ್ಲುವಾಗಿನ ಹಾಗೆ, ಯಾವಾಗ ಸರಿಸಿದ, ಎರಡು ಕೈಯೂ ಪೆಟ್ಟಿಗೆಯ ಮೇಲಿತ್ತಲ್ಲ.

ವಾಪಸು ಕಳಿಸಿಬಿಡಲೇ. ಕಳಿಸಿದರೆ ಅಪ್ಪನಿಗೆ ತಿಳಿಯುತ್ತದೆ ಯಾಕೆಂದು, ನಾಚಿಕೆ ಅವನ ತಲೆಗೆ ಅಂಟುತ್ತದೆ, ಅಂಗಡಿಯವನು ಕಂಡೋರ ಮನೇಲಿ ಇರಾಕಿಲ್ಲ ಅಂದದ್ದು ನಿಜವಾಗುತ್ತದೆ. ಒಳಗೆ ಒಯ್ದರೆ — ಒಯ್ಯುವವರು ಯಾರು, ನಾನು ಮತ್ತು ಚೈತ್ರ, ಒಳಗಿನೋರು ತಕಂಡೋಗ್ಲಿ ಅಂದನಲ್ಲ, ಅವನು ಕೆಳಗೆ ನಿಂತು ನೋಡುವಾಗ ನಾವು ಎತ್ತಿಕೊಂಡು ಹೋದರೆ ಆ ಒಳಗಿನವರು ನಾವೇ. ಅವನು ಬಂದು ಇನ್ನೊಂದು ಕಡೆ ಹಿಡಿಯಬೇಕು, ಹಿಡಿ ಎಂದು ನಾನು ಹೇಗೆ ಹೇಳಲಿ, ಹೇಳಿದರೆ ಅದೂ ಹೇಳಿ ಮಾಡಿಸಿದ ಕೆಲಸವಾಗುತ್ತದೆ, ಅವನು ಹೇಳಿಸಿಕೊಂಡು ಮಾಡಿದ್ದು ಸಾಲದೇ.

ಗೇಟು ಕಿರುಗುಟ್ಟಿತು. ಅಪ್ಪ ಬಂದ, ಕೈಯಲ್ಲಿ ಬೀಡಿ ಕಟ್ಟು, ಟವೆಲ್ಲು ಹೆಗಲ ಮೇಲಿದೆ, ಸದ್ಯ. ಇನ್ನೂ ಇಲ್ಲೇ ಇಟ್ಟಿದ್ದೀರಲ್ಲ, ಮೋಡ ಕವ್ಕಂಡದೆ. ಚೈತ್ರ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು, ಏಳ್ರೀ, ನೀವು ಆ ಕಡೆ, ಮಾವ, ನೀವು ನನ್ ಜೊತೆ ಈ ಕಡೆ ಕೈ ಕೊಡಿ. ಎಷ್ಟು ಸುಲಭವಾಗಿ ಹೇಳಿದಳು. ಅಪ್ಪ ಪೆಟ್ಟಿಗೆ ನೋಡಿದ, ಬಾಗಿಲು ನೋಡಿದ, ಅಷ್ಟು ಅಗಲ ಎಲ್ಲದೆ ಕಣವ್ವ, ಮೂರಾಳು ಹಿಡ್ಸಾಕಿಲ್ಲ, ನೀವೇ ಎತ್ಕಳಿ. ಬಾಗಿಲು ಅಗಲವಾಗಿಯೇ ಇದೆ, ನಾನೇ ಹೇಳಿ ಅಗಲ ಮಾಡಿಸಿದ್ದು. ತಳಕ್ಕೆ ಕೈ ಕೊಡುತ್ತೇನೆ, ಎತ್ತುತ್ತೇನೆ, ನಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ನನ್ನ ಮನೆಯೊಳಗೆ ಹೋಗುತ್ತಿದ್ದೇನೆ, ಮುಖ ಹೊರಗೆ, ಹೊಸ್ಲು ಮಗ, ಕಾಲು ನೋಡ್ಕಂಡು, ಅಪ್ಪನ ದನಿ, ಹುಷಾರು, ಹಂಗೇ, ಹಂಗೇ, ಸದ್ದು ಮಾಡ್ಬ್ಯಾಡಿ. ಇಳಿಸಿದೆವು, ಧಡ್ ಎಂದು ಸದ್ದಾಯಿತು. ಚೈತ್ರ ಬೆವರು ಒರೆಸಿಕೊಂಡು ಚೆನ್ನಾಗೈತಲ್ವಾ ಅನ್ನುತ್ತಾಳೆ. ಒಳಕ್ಕೆ ಬಾಪ್ಪ ಅನ್ನಬೇಕು, ಈಗಲೇ ಅನ್ನಬೇಕು, ಇಷ್ಟು ವರ್ಷ ಅಪ್ಪನಿಗೆ ಒಳಕ್ಕೆ ಬಾ ಎಂದು ಯಾರೂ ಅಂದಿಲ್ಲ, ಅನ್ನುವ ಅಗತ್ಯ ಇರಲಿಲ್ಲ, ಈಗ ಅಂದರೆ ಕರೆದು ಒಳಗೆ ಬಿಟ್ಟುಕೊಂಡ ಹಾಗೆ, ಅನ್ನದಿದ್ದರೆ — ಚೈತ್ರಳ ಭುಜದ ಆಚೆ, ಬಾಗಿಲಿನ ಆಚೆ, ಮೆಟ್ಟಿಲ ಕೆಳಗೆ ಅಪ್ಪ, ಮೊದಲ ಹನಿಗಳು ಬೀಳುತ್ತಿವೆ, ತಲೆಗೆ ಹಾಕಿಕೊಂಡಿಲ್ಲ, ಕಂಕುಳಲ್ಲಿದೆ, ಟವೆಲ್ಲು