ಹೊರಗಿನ ಮೂರು ದಿನ

ಕಂಪ್ಲಿಯ ಅಕ್ಕಿ ಗಿರಣಿ ಕೊಟ್ರಯ್ಯನವರ ಹಿರಿಸೊಸೆ ಶೈಲಜಾ ಶುಭಕಾರ್ಯಗಳಲ್ಲಿ ಅಳುತ್ತಾಳೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ಮೈದುನನ ನಿಶ್ಚಯದಲ್ಲಿ ಆರತಿ ತಟ್ಟೆ ಹಿಡಿದು ನಿಂತವಳ ಕೆನ್ನೆಯೆಲ್ಲ ಒದ್ದೆ. ಬೀಗರು ಮುಖ ಮುಖ ನೋಡಿಕೊಂಡರು. ಅತ್ತೆ ಪಂಪಮ್ಮ, "ಗಿರಣಿ ದೂಳ್ರಿ" ಎಂದಳು. ಅದೇ ದೂಳಿನಲ್ಲಿ ಆಯುಷ್ಯ ಕಳೆದ ಕೊಟ್ರಯ್ಯನವರ ಕಣ್ಣು ಹೊಸ ಪಾತ್ರೆಯಂತೆ ಹೊಳೆಯುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ.

ಕೊಟ್ರಯ್ಯನವರು ಮಠದ ಸಭೆಗಳಲ್ಲಿ ಮಾತನಾಡುವವರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಮುಟ್ಟು ಮೈಲಿಗೆಯಲ್ಲ ಎಂದು ಅವರು ಹೇಳುವಾಗ ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದವಳು ಪಂಪಮ್ಮನೇ. ಮನೆಯಲ್ಲಿ ಮಾತ್ರ ಹೊರಗಾದ ಸೊಸೆ ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂರಬೇಕು. ಸಭೆಯೇ ಬೇರೆ, ಅಡುಗೆಮನೆಯೇ ಬೇರೆ.

ಶೈಲಜಾಗೆ ಮೂವತ್ತೆಂಟಕ್ಕೇ ಮುಟ್ಟು ನಿಂತುಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ಮಗಳು ಭವ್ಯ ಹುಟ್ಟಿದಾಗಿನಿಂದ ಗಂಡು ಕೂಸಿಗಾಗಿ ಕಾಯುತ್ತಿದ್ದ ಮನೆ ಅದು. ಮರಿಯಮ್ಮನಹಳ್ಳಿಯಲ್ಲಿ ಪಂಪಮ್ಮನ ತಮ್ಮನ ಮಗಳು ಸುನಿತಾಗೆ ಇನ್ನೂ ಮದುವೆಯಾಗಿರಲಿಲ್ಲ. ಹಾಗಾಗಿ ಶೈಲಜಾ ತಿಂಗಳಿಗೊಮ್ಮೆ ತಪ್ಪದೆ ಹಿತ್ತಲ ಕೋಣೆಗೆ ಹೋಗಿ ಕೂತಳು. ಮೊದಮೊದಲು ಹೆದರಿಕೆಗೆ, ಆಮೇಲಾಮೇಲೆ ರೊಟ್ಟಿ ಬಡಿಯದೆ ಕಾಲು ಚಾಚಿ ಮಲಗುವ ಸುಖಕ್ಕೂ.

ಕಣ್ಣು ಮಾತ್ರ ಗುಟ್ಟು ಕಾಯಲಿಲ್ಲ. ಮರಳು ಬಿದ್ದಂತೆ ಚುಚ್ಚು, ಉರಿ, ನೀರು. ಔಡಲೆಣ್ಣೆ ಬಿಟ್ಟು ಸೋತ ಪಂಪಮ್ಮ ಕೊನೆಗೆ ಅವಳನ್ನು ಹೊಸಪೇಟೆಯ ಕಣ್ಣಿನ ಡಾಕ್ಟರ್ ಪಲ್ಲವಿಯ ಬಳಿ ಕರೆತಂದಳು. ಪಲ್ಲವಿ ರೆಪ್ಪೆ ಮಗುಚಿ ನೋಡಿದರು.

"ದೂಳಲ್ಲರಿ ಇದು. ಕಣ್ಣು ಒಣಗೇತಿ."

"ಒಣಗೇತಾ?" ಪಂಪಮ್ಮ ಬಾಯಿ ಬಿಟ್ಟಳು. "ಕೊಡ ತುಂಬೋವಷ್ಟು ಸುರಸ್ತಾಳಬೇ!"

"ಒಣಗಿದ್ದಕ್ಕಾ ಸುರೀತೈತ್ರಿ. ರೆಪ್ಪಿ ಅಂಚಿನ್ಯಾಗ ಎಣ್ಣಿ ಬಿಡೋ ಸಣ್ಣ ಗ್ರಂಥಿ ಇರ್ತಾವ. ಆ ಎಣ್ಣಿ ಕಮ್ಮಿ ಆದ್ರ ಕಣ್ಣೀರು ಆರಿ ಹೋಗ್ತೈತಿ, ಕಣ್ಣು ಉರೀತೈತಿ, ಉರಿಗೆ ಮತ್ತ ನೀರು. ಹಾರ್ಮೋನ್ ಇಳಿದ್ರ ಹೆಂಗಸರಿಗೆ ಹಿಂಗ ಆಗೋದು ಭಾಳ. ಮುಟ್ಟು ನಿಂತೈತೇನ್ರಿ?"

ಪಂಪಮ್ಮ ನಕ್ಕುಬಿಟ್ಟಳು. "ನಮ್ಮ ಸೊಸಿಗಾ? ಗಡಿಯಾರ ಇದ್ದಂಗ ಹೊರಗಾಗ್ತಾಳ. ಹಿತ್ತಲಕ್ಕ ಊಟದ ಗಂಗಾಳ ಒಯ್ದು ಕೊಡಾಕಿ ನಾನಾ."

ಪಲ್ಲವಿ ಶೈಲಜಾಳತ್ತ ತಿರುಗಿದರು. "ನೀವು ಹೇಳ್ರಿ. ಬರ್ತಿದ್ರ ನಾನು ಬ್ಯಾರೆ ರೋಗ ಹುಡುಕಬೇಕು. ಕರಿಗುಡ್ಡಿ ಮ್ಯಾಲ ಗೀರು ಬಿದ್ದಾವ. ಹಿಂಗಾ ಬಿಟ್ರ ಕಲೆ ಬಿದ್ದು ನೋಟಾನಾ ಮಬ್ಬಾಗ್ತೈತಿ."

ಶೈಲಜಾ ಗೋಡೆಯ ಅಕ್ಷರದ ಫಲಕ ನೋಡಿದಳು. ಕೆಳಗಿನ ಸಾಲುಗಳು ಆಗಲೇ ಕಲಸಿಹೋಗಿದ್ದವು.

"ನಿಂತೈತ್ರಿ. ಎರಡು ವರ್ಷದ ಮ್ಯಾಲಾತು."

ಇಷ್ಟು ಬೇಗ ನಿಂತಿದ್ದರೆ ಹೆಂಗಸರ ಡಾಕ್ಟರಿಗೂ ತೋರಿಸಬೇಕು, ಎಲುಬಿಗೂ ಒಳ್ಳೆಯದಲ್ಲ ಎಂದು ಪಲ್ಲವಿ ಹೇಳಿದ್ದು ಪಂಪಮ್ಮನ ಕಿವಿಗೆ ಬೀಳಲಿಲ್ಲ. ಆಸ್ಪತ್ರೆ ಮೆಟ್ಟಿಲಲ್ಲೇ ಅವಳು ಸಿಡಿದಳು: "ಹಂಗಾರ ಇಷ್ಟು ದಿನ ನಿನ್ನ ಪಾಲಿನ ರೊಟ್ಟಿ ನಾ ಬಡದ್ನಲ್ಲೇ, ಕಳ್ಳಿ!"

ವಂಶದ ನೆನಪು ಅವಳಿಗೆ ಬಂದದ್ದು ಬಸ್ಸು ಕಮಲಾಪುರ ದಾಟಿದ ಮೇಲೆ.

ಆ ಸಂಜೆ ಪಂಪಮ್ಮ ಸುನಿತಾಳ ಹೆಸರೆತ್ತಿದಳು. ಶೈಲಜಾಳ ಗಂಡ ಹಾಲೇಶ್, "ಎರಡನೇ ಲಗ್ನಕ್ಕ ಕಾನೂನು ಒಪ್ಪಂಗಿಲ್ಲಬೇ" ಎಂದ. ಬೇಡ ಎನ್ನಲಿಲ್ಲ. ಕೊಟ್ರಯ್ಯನವರು ಗಂಭೀರವಾಗಿ, "ಸೂತಕ ಇಲ್ಲಂತ ನಾ ಮೊದಲಿಂದ ಹೇಳ್ತಾನಾ ಬಂದೀನಿ. ಇನ್ನ ಯಾವ ತಿಂಗಳೂ ಹೊರಗ ಕುಂದ್ರೋದು ಬ್ಯಾಡ" ಎಂದು ಸೊಸೆಗೆ ಅಪ್ಪಣೆ ಕೊಟ್ಟರು. ಅವರ ಸುಧಾರಣೆ ಅಂತೂ ಅಡುಗೆಮನೆ ಮುಟ್ಟಿತು.

ಡ್ರಾಪ್ಸ್, ಬಿಸಿಬಟ್ಟೆಯ ಶಾಖ ಕೆಲಸ ಮಾಡಿದವು. ಉರಿ ಇಳಿಯಿತು, ನೀರು ನಿಂತಿತು. ಮರಿಯಮ್ಮನಹಳ್ಳಿಯವರು ಮಾತುಕತೆಗೆ ಬಂದ ದಿನ ಶೈಲಜಾ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಸುನಿತಾಳ ಮುಖ ಅವಳಿಗೆ ಬಹಳ ಸ್ಪಷ್ಟವಾಗಿ ಕಂಡಿತು.

ಪಕ್ಕದ ಮನೆಯ ತುಳಸಿ ಪಂಪಮ್ಮನ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೈದುನನ ನಿಶ್ಚಯಕ್ಕ ಅಳ್ತಾಳ. ಸವತಿ ಬಂದು ಕುಂತ್ರ ಒಂದ್ ಹನಿ ಇಲ್ಲ. ಎಂಥಾ ಕಲ್ಲುಬೇ ಈಕಿ!"

ಡ್ರಾಪ್ಸ್ ಹಾಕುವ ಹೊತ್ತಾಗಿತ್ತು. ಶೈಲಜಾ ಒಳಗೆ ಹೋಗಿ, ತಲೆ ಎತ್ತಿ, ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಂಡಳು. ಒಲೆಯ ಮೇಲೆ ಹಂಚು ಕಾದಿತ್ತು.