ಸಾಣೆರಾಯನ ಒಂದೇ ಚಕ್ರ

ಟೈಲ್ಸ್ ಮೇಸ್ತ್ರಿಗೆ ಸಾಣೆರಾಯ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕಟರಿನ ಪುಟ್ಟ ಚಕ್ರ ಸವೆದರೆ ಮಿಕ್ಕವರೆಲ್ಲ ಬಿಸಾಡಿ ಹೊಸದು ಹಾಕುತ್ತಾರೆ. ಈ ಮಹಾಶಯ ಮಾತ್ರ ಸಂಜೆ ಕೂತು ಅದನ್ನು ಸಾಣೆಕಲ್ಲಿಗೆ ಹಿಡಿಯುತ್ತಿದ್ದ. ಬೆಳಗ್ಗೆ ಅದು ಟೈಲ್ಸಿನ ಮೇಲೆ ಸಲೀಸಾಗಿ ಓಡುತ್ತಿತ್ತು. "ಮದ್ವೆ ಆದಾಗಿಂದ ಇದೊಂದೇ ಚಕ್ರ!" ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಜೊತೆಗೆ ದುಡಿಯುವ ಭಾಮೈದ ಆಗೆಲ್ಲ ತಲೆ ತಗ್ಗಿಸಿ ಸಿಮೆಂಟು ಕಲೆಸುತ್ತಿದ್ದ.

ಅವತ್ತು ಅಡುಗೆಮನೆಯ ಗೋಡೆಯಲ್ಲಿ ನಾಲ್ಕು ಬೆರಳಗಲದ ಜಾಗವಷ್ಟೇ ಉಳಿದಿತ್ತು. ಆ ನಮೂನೆಯ ಟೈಲ್ಸ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮನೆಯಾಕೆ ತನ್ನಲ್ಲಿದ್ದ ಕೊನೆಯದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಇದೊಂದು ಹೋದ್ರೆ ಗೋಡೆ ಪೂರ್ತಿ ಕೀಳ್ಬೇಕು ಮೇಸ್ತ್ರಿ."

"ಚಿಂತೆ ಬಿಡಿ ತಾಯಿ, ನಿನ್ನೆ ತಾನೆ ಸಾಣೆ ಹಿಡಿದಿದ್ದೀನಿ."

ಆಕೆ ಒಳಗೆ ಹೋದಳು. ಸಾಣೆರಾಯ ಗೆರೆ ಎಳೆದು ಕಟರಿನ ಹಿಡಿ ಒತ್ತಿದ. ಟೈಲ್ಸು ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಅಡ್ಡಾದಿಡ್ಡಿ ಸೀಳಿತು.

ಇಷ್ಟು ವರ್ಷ ಹೀಗಾದದ್ದೇ ಇಲ್ಲ! ಭಾಮೈದ ಬಿಳಿಚಿಕೊಂಡು ಜೇಬಿನಿಂದ ಒಂದು ಪೊಟ್ಟಣ ತೆಗೆದ.

"ತಪ್ಪು ನಂದು ಭಾವ. ನಿನ್ನೆ ಅಕ್ಕ ಮಗಳ ಮನೆಗೆ ಹೋಗೋವಾಗ ಇದನ್ನ ಕೊಟ್ಟಿದ್ಲು, ರಾತ್ರಿನೇ ಬದಲಾಯ್ಸು ಅಂತ. ಮರ್ತೇ ಬಿಟ್ಟೆ."

ಪೊಟ್ಟಣದಲ್ಲಿ ಹೊಚ್ಚ ಹೊಸ ಚಕ್ರವಿತ್ತು. ಅದೇ ಹೊಳಪು. ಪ್ರತಿ ಸಲವೂ ತನ್ನ ಸಾಣೆಯಿಂದ ಬಂತೆಂದು ಅವನು ಬೀಗುತ್ತಿದ್ದ ಹೊಳಪು.

"ಎಷ್ಟು ದಿನದಿಂದ ಈ ನಾಟಕ?"

"ಮೊದ್ಲಿಂದಾನೂ. ನೀವು ಮಲಗಿದ ಮೇಲೆ ಅಕ್ಕ ಹೊಸದು ಇಡ್ತಿದ್ಲು. ನೀವು ಸಾಣೆ ಹಿಡಿದದ್ದು ಒಂದೂ ಕೊಯ್ಯಲ್ಲ ಭಾವ."

ಸಾಣೆರಾಯನಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ಆದರೆ ಒಡೆದದ್ದರಲ್ಲಿ ದೊಡ್ಡ ಚೂರು ಇನ್ನೂ ನಾಲ್ಕು ಬೆರಳಿಗೆ ಸಾಕಾಗುವಷ್ಟಿತ್ತು. ಹೊಸ ಚಕ್ರ ಕೂರಿಸಿ ಎಳೆದ. ಕರ್ರೆಂದು ಒಂದೇ ಸಮನೆ ಸದ್ದು ಬಂತು. ಹಾಳಾದ್ದು, ಇಷ್ಟು ವರ್ಷ ಕೇಳಿದ್ದೂ ಇದೇ ಸದ್ದನ್ನೇ. ಪಟ್ಟಿ ನೆಟ್ಟಗೆ ಕಳಚಿಕೊಂಡಿತು.

ಅದನ್ನು ಗೋಡೆಗೆ ಕೂರಿಸಿ, ಬಿಚ್ಚಿಟ್ಟಿದ್ದ ಹಳೇ ಚಕ್ರವನ್ನು ಕೈಗೆತ್ತಿಕೊಂಡ.

"ಹಳೇವನ್ನೆಲ್ಲ ಎಲ್ಲಿ ಎಸೆದ್ಲು?" ಎಂದು ಕೊನೆಗೆ ಕೇಳಿದ.

"ಎಸೆದಿಲ್ಲ ಭಾವ. ಎಲ್ಲಾ ಒಂದು ಡಬ್ಬೀಲಿ ಇಟ್ಕೊಂಡಿದ್ದಾಳೆ. ಅಷ್ಟು ಕಷ್ಟಪಟ್ಟು ಸಾಣೆ ಹಿಡಿದಿದ್ದಾರೆ, ಬಿಸಾಡೋಕೆ ಮನಸ್ಸು ಬರಲ್ಲ ಅಂತಾಳೆ."