ಮೂರನೆಯ ತೇಪೆ

ಸುಟ್ಟ ಎಳೆಗಳನ್ನು ಬ್ಲೇಡಿನಿಂದ ಒಂದೊಂದಾಗಿ ಕೊಯ್ದು ಹಳೆಯ ಪೇಪರಿನ ಮೇಲೆ ಹಾಕುತ್ತಿದ್ದೆ. ಕಾರ್ಪೆಟ್ಟಿನ ಎಳೆ ಸುಟ್ಟರೆ ಬೂದಿಯಾಗುವುದಿಲ್ಲ, ಕರಗಿ ಗಂಟಾಗುತ್ತದೆ. ಆ ಗಂಟು ಉಗುರಿನ ಸಂದಿಗೆ ಹೊಕ್ಕರೆ ಮುಳ್ಳಿನಂತೆ ಚುಚ್ಚುತ್ತದೆ. ಮುಂಜಾನೆಯಿಂದ ಕುಳಿತು ಕಾಲು ಜೋಮು ಹಿಡಿದಿತ್ತು. ಎಷ್ಟು ಕೊಯ್ದರೂ ಕೆಳಗೆ ಕಪ್ಪೇ.

"ಅವ್ವಾ, ಇದು ಬ್ಲೇಡಿಗೆ ಬಗ್ಗೂದಲ್ಲ," ಎಂದ ನನ್ನ ಮಗ ಭೀಮು. "ಅಂಗೈ ಅಗಲ ಸುಟ್ಟೈತಿ. ಪೂರಾ ಕತ್ತರಿಸಿ ತ್ಯಾಪಿ ಹಚ್ಚಬೇಕು."

"ಇದ ಬಣ್ಣದ ಕಾರ್ಪೆಟ್ ಎಲ್ಲಿಂದ ತರ್ತೀಯೋ?"

"ಕಪಾಟಿನ ಬುಡಕ ಐತಲ್ಲ. ಅಲ್ಲಿ ಕತ್ತರಿಸಿದ್ರ ಯಾರಿಗೆ ಕಾಣತೈತಿ?"

ಕೋಪರಖೈರಣೆಯ ಈ ವನ್ ರೂಮ್ ಕಿಚನ್ ಮನೆಗೆ ಕಾರ್ಪೆಟ್ ಯಾಕೆ ಎಂದು ಬಂದ ದಿನವೇ ನಾನು ಕೇಳಿದ್ದೆ. ನೆಲದ ಟೈಲ್ಸ್ ಕುಸಿದು ಒಡೆದಿದ್ದವು. ಅವನ್ನು ತೆಗೆದು ಹೊಸವು ಹಾಕಿಸುವ ಬದಲು ಮಾಲೀಕ ರಾಜಶೇಖರ ಮೇಲೆ ಕಾರ್ಪೆಟ್ ಅಂಟಿಸಿ, ಮನೆ ಫರ್ನಿಶ್ಡ್ ಎಂದು ಹೇಳಿ, ಬಾಡಿಗೆಗೆ ಸಾವಿರ ರೂಪಾಯಿ ಸೇರಿಸಿದ್ದ. ಅವನದು ವಾಶಿಯಲ್ಲಿ ಬಟ್ಟೆ ಅಂಗಡಿ. ಊರು ನಮ್ಮ ವಿಜಾಪುರದ ಕಡೆಯದೇ. "ನಮ್ಮ ಭಾಷಾ ಮಂದಿ ಅಂತ ಕೊಡಾಕತ್ತೀನಿ ಪಾರವ್ವ, ಇಲ್ಲಂದ್ರ ಈ ಮನಿಗೆ ಲೈನ್ ಹಚ್ಚ್ಯಾರ," ಎಂದಿದ್ದ. ನಮ್ಮ ಭಾಷೆಯಲ್ಲಿ ಮೋಸ ಮಾಡಿಸಿಕೊಂಡರೆ ನೋವು ಕಡಿಮೆ ಎಂದು ಅವನಿಗೆ ಯಾರು ಹೇಳಿದ್ದರೋ.

ಈ ಊರಲ್ಲಿ ಎಲ್ಲರದೂ ಹನ್ನೊಂದು ತಿಂಗಳ ಅಗ್ರಿಮೆಂಟು. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆದಾರನ ಎದೆ ಹೊಡೆದುಕೊಳ್ಳುತ್ತದೆ. ನಮ್ಮದು ಎರಡು ಸಲ ಆಗಿತ್ತು. ಮೂರನೆಯದಕ್ಕೆ ರಾಜಶೇಖರ ಒಲ್ಲೆ ಎಂದ. ಮುಂದಿನ ಮನೆ ಶಹಾಡಿನಲ್ಲಿ ಗೊತ್ತಾಗಿತ್ತು. ಭೀಮು ಕೆಲಸ ಮಾಡುವ ಕಾರ್ಖಾನೆಯೂ ಅಲ್ಲೇ. ಇಲ್ಲಿಯ ಅರವತ್ತು ಸಾವಿರ ಡಿಪಾಸಿಟ್ ಕೈಗೆ ಬಂದರೆ ಅದನ್ನೇ ಅಲ್ಲಿ ಕಟ್ಟಬೇಕು. ಬೇರೆ ದುಡ್ಡಿಲ್ಲ.

ರಾಜಶೇಖರ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಸುಟ್ಟ ಕಲೆ ಕಾಣಬಾರದು. ಕಂಡ್ರ ಪೂರಾ ಕಾರ್ಪೆಟ್ಟಿನ ರೊಕ್ಕ ಹಿಡೀತೀನಿ. ನಾಳೆ ಹೊಸ ಪಾರ್ಟಿ ಮನಿ ನೋಡಾಕ ಬರತೈತಿ."

ಕಲೆ ನಾವು ಮಾಡಿದ್ದಲ್ಲ. ನೆಲದ ಹತ್ತಿರದ ಪ್ಲಗ್ಗು ನಾವು ಬಂದ ತಿಂಗಳಿನಿಂದ ಚಟಚಟ ಎನ್ನುತ್ತಿತ್ತು. ಆರು ಸಲ ಹೇಳಿದೆ. "ಮುಂದಿನ ವಾರ" ಎಂದ. ಹೋದ ಶ್ರಾವಣದಲ್ಲಿ ನಾನೇ ವಿದ್ಯುತ್ ನಿರೀಕ್ಷಕರ ಕಚೇರಿಗೆ ಮರಾಠಿಯಲ್ಲಿ ಒಂದು ಪತ್ರ ಬರೆದೆ. ಐವತ್ತೆರಡನೆಯ ವಯಸ್ಸಿಗೆ ರಾತ್ರಿ ಶಾಲೆಗೆ ಹೋಗಿ ಕಲಿತ ಅಕ್ಷರ; ಸಾಲು ಓರೆಯಾಗಿದ್ದರೂ ಮಾತು ನೇರವಾಗಿತ್ತು. ಭೀಮು ಕೈ ಹಿಡಿದ. "ಅವ್ವಾ, ಸಾವ್ಕಾರ ಸಿಟ್ಟಿಗೆದ್ರ ಅಗ್ರಿಮೆಂಟ್ ರಿನ್ಯೂ ಮಾಡಂಗಿಲ್ಲ. ಸ್ವಲ್ಪ ತಾಳು." ತಾಳಿದೆ. ಪತ್ರ ಅಕ್ಕಿ ಡಬ್ಬಿಯ ಕೆಳಗೆ ಹೋಯಿತು.

ದೀಪಾವಳಿ ಮುಗಿದ ವಾರ ಪ್ಲಗ್ಗು ಕಿಡಿ ಕಾರಿತು. ಕಾರ್ಪೆಟ್ ಹೊತ್ತಿಕೊಂಡಿತು. ಭೀಮು ನಾನು ಹೊಲಿದ ಕೌದಿಯನ್ನು ಅದರ ಮೇಲೆ ಒಗೆದು, ಮೆಯಿನ್ ಆಫ್ ಮಾಡಿ, ಅಂಗೈಯಿಂದ ಅಮುಕಿದ. ಬೆಂಕಿ ಆರಿತು. ಅವನ ಎಡಗೈ ಇವತ್ತಿಗೂ ಪೂರಾ ಮಡಚುವುದಿಲ್ಲ. ರಾಜಶೇಖರ ಆಳು ಕಳಿಸಿದ. ಆಳು ಒಳಗಿನ ಸುಟ್ಟ ವಾಯರಿಗೆ ಟೇಪು ಸುತ್ತಿ, ಮೇಲೆ ಹೊಸ ಬಿಳಿ ಪ್ಲೇಟು ಕೂರಿಸಿ ಹೋದ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಆವತ್ತಿನಿಂದ ಆ ಪ್ಲಗ್ಗನ್ನು ನಾವು ಮುಟ್ಟಿಲ್ಲ.

ನಾನು ಸುಟ್ಟ ಭಾಗವನ್ನು ಚೌಕವಾಗಿ ಕತ್ತರಿಸಿ ಎತ್ತಿದೆ. ಭೀಮು ಕಪಾಟನ್ನು ಭುಜಕೊಟ್ಟು ಸರಿಸಿದ. ಸರಿಸಿದವನು ಹಾಗೇ ನಿಂತ.

"ಏನೋ?"

"ಇಲ್ಲಿ ಆಗಲೇ ಯಾರೋ ಕತ್ತರಿಸ್ಯಾರ ಅವ್ವ. ಎರಡು ಕಡೆ."

ಕಪಾಟು ಮನೆಯ ಜೊತೆಗೇ ಬಂದದ್ದು, ನಾವು ಬಂದ ಮೇಲೆ ಎಂದೂ ಸರಿಸಿರಲಿಲ್ಲ. ಅದರ ಕೆಳಗೆ ಅಂಗೈ ಅಗಲದ ಎರಡು ಚೌಕ ಖಾಲಿ. ಒಡಕು ಟೈಲ್ಸ್ ಕಾಣುತ್ತಿತ್ತು.

ನಾನು ತೆವಳುತ್ತಾ ಪ್ಲಗ್ಗಿನ ಹತ್ತಿರ ಹೋಗಿ ಕಾರ್ಪೆಟ್ಟಿನ ಮೇಲೆ ಬೆರಳಾಡಿಸಿದೆ. ನಲವತ್ತು ವರ್ಷ ಕೌದಿ ಹೊಲಿದ ಬೆರಳು. ಕಣ್ಣಿಗೆ ಕಾಣದ ಅಂಚು ಅದಕ್ಕೆ ಸಿಗುತ್ತದೆ. ನಾನು ಕೊಯ್ದ ಕುಳಿಯ ಎಡಕ್ಕೆ ಒಂದು ಚೌಕ, ಅಂಟು ಹಾಕಿದ್ದು. ಅದರಾಚೆ ಇನ್ನೊಂದು, ದಾರದಿಂದ ಹೊಲಿದದ್ದು. ಸಣ್ಣ ಹೊಲಿಗೆ, ಬಿಗಿ. ನನ್ನಂಥವಳೇ ಯಾರೋ ಕುಳಿತು ಹೊಲಿದಿದ್ದಳು. ಅಂಟಿನ ಚೌಕದ ಮೂಲೆ ಎತ್ತಿದೆ. ಕೆಳಗಿನ ಟೈಲ್ಸ್ ಮಸಿ.

"ಮೂರು ಸಲ ಸುಟ್ಟೈತಿ ಭೀಮು. ಮೂರು ಮಂದಿ ಕಡೆಯಿಂದ ಮುಚ್ಚಿಸ್ಯಾನ."

ಭೀಮು ತನ್ನ ಎಡಗೈ ನೋಡಿಕೊಂಡ. ಆಮೇಲೆ ಮುಖ ತಿರುಗಿಸಿ, "ನಮಗ್ಯಾಕ ಬೇಕು. ನೀ ಹಚ್ಚು. ನಾಡದ ಹೋಗೂದೈತಿ," ಎಂದ.

ಹಚ್ಚಿದೆ. ಸುಳ್ಳು ಯಾಕೆ ಹೇಳಲಿ? ಕಪಾಟಿನ ಬುಡದಿಂದ ಮೂರನೆಯ ಚೌಕ ಕೊಯ್ದು, ಅಂಟು ಸವರಿ, ಮೇಲೆ ರುಬ್ಬುಗುಂಡು ಇಟ್ಟು, ಒಣಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಎಳೆ ಬಾಚಿದೆ. ಎಲ್ಲಿ ಸುಟ್ಟಿತ್ತು ಎಂದು ಕೇಳಿದರೆ ನನಗೇ ಹುಡುಕಬೇಕಾಗುತ್ತಿತ್ತು.

ಮರುದಿನ ಹತ್ತಕ್ಕೆ ರಾಜಶೇಖರ ಬಂದ. ಜೊತೆಗೆ ಉಡುಪಿ ಕಡೆಯ ಒಬ್ಬಳು, ಹೆಸರು ಶ್ರೀಲಕ್ಷ್ಮಿ. ಕಂಕುಳಲ್ಲಿ ಹತ್ತು ತಿಂಗಳ ಕೂಸು. ಗಂಡ ಬೇಲಾಪುರದ ಆಫೀಸಿನಲ್ಲಿ ಗುಮಾಸ್ತನಂತೆ, ಅವನಿಗೆ ರಜೆ ಸಿಕ್ಕಿರಲಿಲ್ಲ.

ರಾಜಶೇಖರ ಚಪ್ಪಲಿಯಲ್ಲೇ ಒಳಗೆ ಬಂದು ಬಗ್ಗಿ ನೋಡಿದ. ನನ್ನ ಕಿವಿಗೆ ಮಾತ್ರ ಕೇಳುವಂತೆ, "ಶಾಭಾಶ್ ಪಾರವ್ವ. ಕೌದಿ ಹೊಲಿಯೋ ಕೈ ಅಂದ್ರ ಇದು," ಎಂದ. ಆಮೇಲೆ ದೊಡ್ಡ ದನಿಯಲ್ಲಿ, "ನೋಡ್ರಿ ಮೇಡಂ, ಕಾರ್ಪೆಟ್ಟು. ಮಗು ಬಿದ್ರೂ ಪೆಟ್ಟಾಗಲ್ಲ. ಪ್ಲಗ್ಗು ಎಲ್ಲಾ ಹೊಸದು ಹಾಕಿಸೀನಿ."

"ಹೌದಾ? ನಮ್ಮ ಈಗಿನ ರೂಮಲ್ಲಿ ನೆಲ ಸಿಕ್ಕಾಪಟ್ಟೆ ತಂಪು ಮಾರಾಯ್ರೆ," ಎಂದು ಅವಳು ಕೂಸನ್ನು ಕೆಳಗೆ ಬಿಟ್ಟಳು.

ಕೂಸು ಅಂಬೆಗಾಲಿಟ್ಟಿತು. ಅಷ್ಟು ದೊಡ್ಡ ಕೋಣೆಯೇನಲ್ಲ. ನೇರ ಪ್ಲಗ್ಗಿನ ಕಡೆಗೇ ಹೋಯಿತು. ಬಿಳಿ ಪ್ಲೇಟು ಹೊಳೆಯುತ್ತಿತ್ತಲ್ಲ. ನನ್ನ ತೇಪೆಯ ಮೇಲೆ ಕೈಯೂರಿ, ಇನ್ನೊಂದು ಕೈ ಚಾಚಿತು.

ನಾನು ಹೇಗೆ ಎದ್ದೆನೋ ತಿಳಿಯದು. ಕೂಸನ್ನು ಎತ್ತಿ ಶ್ರೀಲಕ್ಷ್ಮಿಯ ಕೈಗೆ ಕೊಟ್ಟೆ. ಕೆಳಗೆ ಕೂತು ತೇಪೆಯ ಅಂಚಿಗೆ ಉಗುರು ಹಾಕಿ ಎಳೆದೆ. ಅದು ಚರ್ರನೆ ಬಂತು. ಅದರ ಪಕ್ಕದ್ದನ್ನೂ ಎಳೆದೆ. ಹೊಲಿದದ್ದನ್ನು ಮಾತ್ರ ಬ್ಲೇಡಿನಿಂದ ಬಿಚ್ಚಬೇಕಾಯಿತು.

"ಎಂತ ಮಾಡ್ತಿದ್ದೀರಿ ಅಜ್ಜಿ?"

"ನೋಡವ್ವ. ಇದು ನಮ್ಮದು. ಇದು ನಮ್ಮಕ್ಕಿಂತ ಮುಂಚಿನವರದು. ಇದು ಅವರಕ್ಕಿಂತ ಮುಂಚಿನವರದು. ಪ್ಲೇಟ್ ಹೊಸದೈತಿ, ಒಳಗ ವಾಯರ್ ಸುಟ್ಟದ್ದ ಐತಿ. ನಾಲ್ಕನೇದ್ದು ನಿನ್ನ ಪಾಳಿ."

ರಾಜಶೇಖರನ ಮುಖ ಕೆಂಪಾಯಿತು. "ಏ ಮುದುಕಿ! ತಲಿ ಕೆಟ್ಟೈತೇನು ನಿಂದು? ಮಗಾ ಬೀಡಿ ಸೇದಿ ಒಗದಾನ, ಅದಕ್ಕ ಸುಟ್ಟೈತಿ!"

ಭೀಮು ಬಾಗಿಲ ಹತ್ತಿರ ನಿಂತಿದ್ದ. ಎಂದೂ ಬೀಡಿ ಮುಟ್ಟದವನು. ಮುಂದೆ ಬಂದು, ರಾಜಶೇಖರನ ಮುಖದ ಮುಂದೆ ಎಡಗೈ ಬಿಚ್ಚಿ ಹಿಡಿದ. ಪೂರಾ ಬಿಚ್ಚಲಿಲ್ಲ ಅದು.

"ಬೀಡಿಯಿಂದ ಇಷ್ಟು ಸುಡತೈತೇನ್ರಿ ಸಾವ್ಕಾರ್ರ?"

"ಡಿಪಾಸಿಟ್ ಮರತುಬಿಡ್ರಿ! ಒಂದು ಪೈಸಾ ಕೊಡಂಗಿಲ್ಲ! ನಮ್ಮ ಮಂದಿ ಅಂತ ಮನಿ ಕೊಟ್ಟೆ ನೋಡು, ನನಗ ನಾನ ಹೊಡಕೋಬೇಕು. ತಾಳಿದವ ಬಾಳ್ಯಾನು ಅಂತಾರ, ಎರಡು ದಿನ ತಾಳಾಕ ಆಗಲಿಲ್ಲ ನಿನಗ?"

"ಎರಡು ವರ್ಷ ತಾಳೀನಿ," ಎಂದೆ. "ತಾಳಿದವರು ನಾವು. ಬಾಳಿದವ ನೀನು."

ಶ್ರೀಲಕ್ಷ್ಮಿ ಕೂಸನ್ನು ಎದೆಗೊತ್ತಿ ಮಸಿ ಹಿಡಿದ ಟೈಲ್ಸನ್ನೇ ನೋಡುತ್ತಿದ್ದಳು. "ನಾನು ಟೋಕನ್ ಅಂತ ಮೊದಲೇ ಅಡ್ವಾನ್ಸ್ ಕೊಟ್ಟಾಯ್ತಲ್ಲ ನಿಮಗೆ. ಅದು ವಾಪಸ್ ಮಾಡಿ," ಎಂದಳು.

"ಟೋಕನ್ ವಾಪಸ್ ಇಲ್ಲ ಮೇಡಂ. ರೂಲು."

"ಯಾವ ರೂಲು? ಬರ್ಕೊಡಿ ನೋಡುವ."

ಅವನು ಬರೆದುಕೊಡಲಿಲ್ಲ. ಮೆಟ್ಟಿಲು ಇಳಿಯುತ್ತಾ ಮೂರೂ ಜನರನ್ನು ಬೈಯುತ್ತಿದ್ದದ್ದು ಕೆಳಗಿನ ಗಲ್ಲಿಯವರೆಗೂ ಕೇಳಿಸಿತು.

ನಾನು ಅಕ್ಕಿ ಡಬ್ಬಿ ಎತ್ತಿದೆ. ನಿರೀಕ್ಷಕರಿಗೆ ಬರೆದ ಪತ್ರಕ್ಕೆ ಡಬ್ಬಿಯ ಗುಂಡು ಗುರುತು ಬಿದ್ದಿತ್ತು. ಬರೆದ ಸಾಲುಗಳ ಕೆಳಗೆ ಜಾಗವಿತ್ತು. ದೀಪಾವಳಿಯ ಬೆಂಕಿಯ ವಿಷಯ ಬರೆದೆ, ಮೂರು ತೇಪೆಯ ವಿಷಯ ಬರೆದೆ, ಹಿಂದಿನ ದಿನ ಕೊಯ್ದಿಟ್ಟ ಸುಟ್ಟ ಚೌಕವನ್ನೂ ಜೊತೆಗಿಟ್ಟೆ. ಶ್ರೀಲಕ್ಷ್ಮಿ ಮಸಿಯ ಫೋಟೋ ತೆಗೆದು, ಓಣಿಯ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ತಂದಳು. ಪತ್ರದ ಕೆಳಗೆ ತನ್ನ ಸಹಿ ಹಾಕಿದಳು. ಭೀಮು ಪೆನ್ನು ಕೈಗೆ ತೆಗೆದುಕೊಂಡ.

"ಶಹಾಡಿನ ರೂಮು ಹೋತು ಅವ್ವ."

"ಹೋತು."

"ಎಲ್ಲಿ ಇರೂದು?"

"ನನಗೂ ಗೊತ್ತಿಲ್ಲ ಮಗಾ."

ಅವನು ಸಹಿ ಮಾಡಿದ. ಬಲಗೈಯಿಂದ ಬರೆಯುವಾಗ ಕಾಗದವನ್ನು ಎಡಗೈಯಿಂದ ಒತ್ತಿ ಹಿಡಿದಿದ್ದ.

ಪೋಸ್ಟಾಫೀಸಿನ ಕಿಟಕಿಯಲ್ಲಿ ಕುಳಿತಿದ್ದ ಹುಡುಗಿ ಲಕೋಟೆಯನ್ನು ತೂಕಕ್ಕಿಟ್ಟು ಒತ್ತಿ ನೋಡಿದಳು. "ಆಜಿ, ಆತ್ ಕಾಯ್ ಆಹೆ, ಒಳಗೇನಿದೆ? ಮೆತ್ತಗಿದೆ," ಎಂದು ಮರಾಠಿ ಕನ್ನಡ ಕಲಸಿ ಕೇಳಿದಳು.

"ಕಾರ್ಪೆಟ್ಟಿನ ತುಂಡು," ಎಂದೆ. "ಸುಟ್ಟದ್ದು. ರಿಜಿಸ್ಟರ್ ಮಾಡು."

ಅವಳು ಚೀಟಿ ಅಂಟಿಸಿದಳು. ಠಪ್ಪೆಂದು ಮುದ್ರೆ ಒತ್ತಿ ಹಿಂದಿನ ಚೀಲಕ್ಕೆ ಒಗೆದಳು.